ಹಳೆಯ ಬಂಗಲೆಯೊಳಗೆ ಹೊಸ ಕಲಾಕೃತಿ: ಮೊದಲು ನೋಡಬೇಕಾದ್ದು ನೆಲ

ಪ್ರಶ್ನೆ: ಇಂಗ್ಲೆಂಡಿನ ಹಳ್ಳಿಗಾಡಿನ ಹಳೆಯ ಬಂಗಲೆಗಳಲ್ಲಿ ಈಗಿನ ಕಲಾವಿದರ ಪ್ರದರ್ಶನ ಇಡುತ್ತಾರಲ್ಲ, ಗೋಡೆಗೆ ಮೊಳೆ ಹೊಡೆಯದೆ ಅದು ಹೇಗೆ ಸಾಧ್ಯ?

ಗೋಡೆಯದು ಅಷ್ಟು ದೊಡ್ಡ ತಲೆನೋವಲ್ಲ. ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿರುವ ಮನೆಯ ಸ್ವರೂಪ ಕೆಡುವಂಥ ಕೆಲಸವನ್ನು ಅನುಮತಿಯಿಲ್ಲದೆ ಮಾಡಿದರೆ ಅಲ್ಲಿನ 1990ರ ಕಾಯ್ದೆಯಡಿ ಅಪರಾಧ. ಹಾಗಾಗಿ ಚಿತ್ರಗಳನ್ನು ಗೋಡೆಯಲ್ಲಿ ಮೊದಲಿಂದಲೂ ಇರುವ ಮರದ ಪಟ್ಟಿಗೆ ತೂಗುಹಾಕುತ್ತಾರೆ. ಇಲ್ಲವೇ ತಾನಾಗಿ ನಿಲ್ಲುವ ಹಲಗೆಗೋಡೆ ಕಟ್ಟಿ, ಹಿಂದೆ ಗಾಳಿಯಾಡಲು ಸಂದು ಬಿಡುತ್ತಾರೆ.

ಎಡವುವುದು ನೆಲದಲ್ಲಿ. ನಾರ್ಫೋಕ್‌ನ ಹೌಟನ್ ಹಾಲ್ ಎಂಬ ಬಂಗಲೆಯಲ್ಲಿ 2024ರಲ್ಲಿ ಶಿಲ್ಪಿ ಆಂಟನಿ ಗೋರ್ಮ್ಲಿ ಎರಕದ ಕಬ್ಬಿಣದ 100 ಆಳೆತ್ತರದ ಪ್ರತಿಮೆಗಳನ್ನು 300 ಎಕರೆಯಲ್ಲಿ ಒಂದೇ ಮಟ್ಟಕ್ಕೆ ನಿಲ್ಲಿಸಿದರು. ನೆಲ ಏರಿದ್ದಲ್ಲಿ ಎದೆಮಟ್ಟ ಹೂತರು, ತಗ್ಗಿದ್ದಲ್ಲಿ ಕಾಂಕ್ರೀಟ್ ಕಂಬ ಕೊಟ್ಟರು. ಒಂದೊಂದರ ತೂಕ ಸುಮಾರು 620 ಕೆ.ಜಿ. ಅಂಥದ್ದೊಂದನ್ನು ಮಹಡಿಯ ಮರದ ನೆಲದ ಮೇಲೆ ಇಡುವುದಾದರೆ? ಪಾದದ ಜಾಗ 30 ಸೆಂ.ಮೀ. ಚೌಕವೆಂದರೂ ಚದರ ಮೀಟರಿಗೆ ಹೆಚ್ಚುಕಡಿಮೆ 7 ಟನ್ ಒತ್ತಡ. ವಾಸದ ಮನೆಯ ನೆಲಕ್ಕೆ ಅಲ್ಲಿ ಹಿಡಿಯುವ ಲೆಕ್ಕ ಚದರ ಮೀಟರಿಗೆ 150 ಕೆ.ಜಿ. 2 ಮೀಟರ್ ಚೌಕದ ಅಡಿಹಲಗೆ ಕೊಟ್ಟರೆ ಪ್ರತಿಮೆಯ ಒತ್ತಡ 155ಕ್ಕೆ ಇಳಿಯುತ್ತದೆ, ಆದರೆ ಹಲಗೆ ಬಾಗಬಾರದು; ಬಾಗಿದರೆ ಭಾರವೆಲ್ಲ ಮತ್ತೆ ನಡುವಿಗೇ ಬರುತ್ತದೆ. ಅದಕ್ಕೇ ಅಡಿಯಲ್ಲಿ ತೊಲೆಗಳಿಗೆ ಅಡ್ಡಲಾಗಿ ಉಕ್ಕಿನ ಚೌಕಟ್ಟು. ಇಷ್ಟಾದರೂ ಒಂದೆರಡು ನೆಲಹಲಗೆ ಎಬ್ಬಿಸಿ, ತೊಲೆಯ ತುದಿ ಗೋಡೆಯೊಳಗೆ ತೇವಕ್ಕೆ ಕೊಳೆತಿದೆಯೇ ಎಂದು ಎಂಜಿನಿಯರ್ ನೋಡಲೇಬೇಕು. ಕೃತಿಯನ್ನು ತಳ್ಳಿಕೊಂಡು ಬರುವ ಗಾಡಿಯ ಸಣ್ಣ ಚಕ್ರವನ್ನಂತೂ ಎಲ್ಲರೂ ಮರೆಯುತ್ತಾರೆ. ನೆಲ ಬಿರುಕು ಬಿಡುವುದು ಹೆಚ್ಚಾಗಿ ಆ ದಾರಿಯಲ್ಲೇ.

ಹಲಗೆಯಡಿ ರಬ್ಬರ್ ಹಾಸಬೇಡಿ. ನೆಲಕ್ಕೆ ಕಲೆ ಹಿಡಿಯುತ್ತದೆ, ಅದರ ಗಂಧಕಕ್ಕೆ ಪಕ್ಕದ ಬೆಳ್ಳಿ ಸಾಮಾನು ಕಪ್ಪಾಗುತ್ತದೆ. ಪಾಲಿಥಿನ್ ಫೋಮ್ ಸಾಕು.

ಹುಲ್ಲು, ಉಣ್ಣೆ, ಒಣಗಿದ ಹೂವು ಬಳಸಿದ ಕೃತಿ ಒಳಗೆ ಬರುವ ಮುನ್ನ −30 ಡಿಗ್ರಿಯಲ್ಲಿ 3 ದಿನ, ಇಲ್ಲವೇ −18ರಲ್ಲಿ 2 ವಾರ ಇರಬೇಕು. ಒಂದು ನುಸಿಹುಳು ಸಾಕು, ಇನ್ನೂರು ವರ್ಷದ ಜಮಖಾನೆ ತಿಂದುಹಾಕಲು. ರೇಷ್ಮೆ ಪರದೆಯಿರುವ ಕೋಣೆಯಲ್ಲಿ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟುವಂತಿಲ್ಲ. ಕಲಾವಿದರಿಗೆ ಹೆಚ್ಚು ಬೇಕೆಂದರೆ ಕೋಣೆಯನ್ನೇ ಬದಲಿಸಬೇಕು. ಆ ಕಾರಣಕ್ಕೇ ಜಾಗ ನೋಡಿದ ಮೇಲೆ ರೂಪಿಸುವ ಕೃತಿ, ಸ್ಟುಡಿಯೋದಿಂದ ಸಿದ್ಧವಾಗಿ ಬರುವ ಕೃತಿಗಿಂತ ಎಷ್ಟೋ ಮೇಲು.

ನೀರಿನ ಸಂಪರ್ಕ ಬೇಡುವ ಕೃತಿಗೆ ಮಾತ್ರ ಸುಲಭಕ್ಕೆ ಒಪ್ಪಬೇಡಿ. ಇಂಗ್ಲೆಂಡಿನದೇ ಬ್ಲೆನಿಮ್ ಅರಮನೆಯಲ್ಲಿ ಕಲಾವಿದ ಮೌರಿಝಿಯೊ ಕ್ಯಾಟೆಲಾನ್‌ರ ಚಿನ್ನದ ಕಮೋಡನ್ನು ಮನೆಯ ಕೊಳಾಯಿಗೇ ಜೋಡಿಸಿದ್ದರು. 2019ರ ಸೆಪ್ಟೆಂಬರ್ 14ರ ಮುಂಜಾನೆ ಕಳ್ಳರು ಅದನ್ನು ಕಿತ್ತೊಯ್ದಾಗ ನೀರು ಹರಿದು ಕಟ್ಟಡಕ್ಕೂ ಹಾನಿಯಾಯಿತು.