ಲೆಕ್ಕ ಕೇಳುವ ಕಿವಿ

ಒಮ್ಮೆ ಇಳಕಲ್ಲಿನ ಒಂದು ಸೀರೆ ಅಂಗಡಿಯ ಲೆಕ್ಕಕ್ಕೆ ಕೂತಿದ್ದೆ. ಕಿರ್ದಿ, ಅಂದರೆ ದಿನದ ಜಮಾ ಖರ್ಚು ಬರೆಯುವ ಪುಸ್ತಕದ ಪ್ರಕಾರ ಇರಬೇಕಾದ ದುಡ್ಡಿಗಿಂತ ಗಲ್ಲಾದಲ್ಲಿ 2,700 ರೂಪಾಯಿ ಕಡಿಮೆ. ಮಾಲೀಕರ ಕಣ್ಣು ಆಗಲೇ ಸೀರೆ ಮಡಚುವ ಹುಡುಗನ ಮೇಲೆ ಬಿದ್ದಿತ್ತು. ಗುಮಾಸ್ತರು ಪುಸ್ತಕವನ್ನು ನನ್ನತ್ತ ಸರಿಸಿ, "ಎಲ್ಲಾ ಇದ್ರಾಗ ಬರದೇನ್ರಿ ಸಾಹೇಬ್ರ, ನೀವ ನೋಡ್ಕೋರಿ" ಅಂದರು. ನಾನು ಪುಸ್ತಕ ವಾಪಸ್ ಅವರ ಕಡೆಗೇ ತಿರುಗಿಸಿದೆ. "ನೀವ ಓದ್ರಿ, ನಾ ಕೇಳ್ತೇನಿ."

ಇವರೆಂಥ ಆಡಿಟರ್ ಅಂತ ಅವರಿಗೆ ಅನಿಸಿರಬೇಕು. ಆದರೆ ಆ ಪದ ಹುಟ್ಟಿದ್ದೇ ಹೀಗೆ. ಲ್ಯಾಟಿನ್ನಿನಲ್ಲಿ 'ಆಡೀರೆ' ಅಂದರೆ ಕಿವಿಯಿಂದ ಕೇಳು. ಆಡಿಯೊ, ಆಡಿಷನ್, ಆಡಿಟೋರಿಯಂ ಎಲ್ಲ ಅದೇ ಮನೆಯ ಮಕ್ಕಳು. ಹಿಂದೆ ಇಂಗ್ಲೆಂಡಿನಲ್ಲಿ ಓದು ಬರಹ ಬಲ್ಲವರು ಕಡಿಮೆ. ಜಮೀನು ನೋಡಿಕೊಳ್ಳುವ ಕಾರಭಾರಿ ವರ್ಷಕ್ಕೊಮ್ಮೆ ಬಂದು ಜಮಾ ಖರ್ಚನ್ನು ಬಾಯಿಬಿಟ್ಟು ಹೇಳಬೇಕಿತ್ತು. ಕೂತು ಕೇಳುವವನೇ ಆಡಿಟರ್. ಅಮೆರಿಕದ ಕಾಲೇಜುಗಳಲ್ಲಿ ಇವತ್ತಿಗೂ ಅಂಕದ ಗೊಡವೆ ಇಲ್ಲದೆ ಸುಮ್ನೆ ಪಾಠ ಕೇಳಲು ಕೂರುವುದಕ್ಕೆ ಆಡಿಟ್ ಅಂತಲೇ ಹೆಸರು.

ಕನ್ನಡದಲ್ಲಿ ಇದನ್ನು ಲೆಕ್ಕ ಪರಿಶೋಧನೆ ಅಂತ ಬರೆಯುತ್ತೇವೆ. ಇಸ್ತ್ರಿ ಹಾಕಿ ಇಟ್ಟಂಥ ಪದ, ಕಚೇರಿ ಬೋರ್ಡಿಗೆ ಸರಿ. ಮಾತಿನಲ್ಲಿ ನಾವು ಅನ್ನುವುದು 'ಲೆಕ್ಕ ಕೇಳು'. ಅಣ್ಣ ತಮ್ಮನ ಲೆಕ್ಕ ಕೇಳುತ್ತಾನೆ, ಊರವರು ಜಾತ್ರೆ ಕಮಿಟಿಯ ಲೆಕ್ಕ ಕೇಳುತ್ತಾರೆ. ನಮ್ಮ 'ಕೇಳು' ಪದಕ್ಕೆ ಪ್ರಶ್ನೆ ಹಾಕುವುದು, ಉತ್ತರಕ್ಕೆ ಕಿವಿಗೊಡುವುದು ಎರಡೂ ಅರ್ಥ ಇದೆಯಲ್ವಾ? ನನ್ನ ಕೆಲಸ ಪೂರ್ತಿ ಇಷ್ಟೇ. ಲ್ಯಾಟಿನ್ ಪದದಲ್ಲಿ ಕಿವಿ ಮಾತ್ರ ಇದೆ, ಕನ್ನಡದ ಪದದಲ್ಲಿ ಬಾಯಿಯೂ ಇದೆ. ಅದಕ್ಕೇ ನನಗೆ ನಮ್ಮದೇ ಜಾಸ್ತಿ ಹಿಡಿಸುತ್ತದೆ.

ಆಡಿಟ್ ಅಂದ ಕೂಡಲೇ ಕಳ್ಳತನ ಹಿಡಿಯಲು ಬಂದರು ಅಂತ ತಿಳಿಯುವವರು ಬಹಳ. 1896ರಲ್ಲಿ ಇಂಗ್ಲೆಂಡಿನ ಕಿಂಗ್‌ಸ್ಟನ್ ಕಾಟನ್ ಮಿಲ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಲೋಪ್ಸ್ ಇದಕ್ಕೆ ಉತ್ತರ ಕೊಟ್ಟಿದ್ದಾರೆ: ಆಡಿಟರ್ ಕಾವಲು ನಾಯಿ, ಬೇಟೆ ನಾಯಿ ಅಲ್ಲ. ಮುಧೋಳದ ನಾಯಿ ಕಂಡ ಬಾಗಲಕೋಟೆ ಜಿಲ್ಲೆಯವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. (ಲೋಪ್ಸ್ ಹೇಳಿದ ನಾಯಿ ಮೂಸಿ ಹಿಡಿಯುವ ಜಾತಿ, ನಮ್ಮದು ಕಣ್ಣಿಂದ ನೋಡಿ ಓಡುವ ಜಾತಿ. ಇರಲಿ.) ಎಲ್ಲರ ಮೇಲೂ ಸಂಶಯಪಟ್ಟು ಬೆನ್ನು ಹತ್ತುವುದು ನಮ್ಮ ಕೆಲಸವಲ್ಲ. ಆದರೆ ಸಂಶಯ ಬರುವಂಥದ್ದು ಕಂಡರೆ ಸುಮ್ಮನಿರುವಂತೆಯೂ ಇಲ್ಲ.

ಈಗ ಕರೆಂಟಿಗೂ ನೀರಿಗೂ ಆಡಿಟ್ ಉಂಟು. ಅಲ್ಲೆಲ್ಲ ಪದ ತನ್ನ ಕಿವಿಯನ್ನು ಮರೆತಿದೆ. ಮರೆಯದೆ ಉಳಿದದ್ದು ಹಳ್ಳಿಯಲ್ಲಿ. 2005ರ ಉದ್ಯೋಗ ಖಾತರಿ ಕಾಯ್ದೆ ಸಾಮಾಜಿಕ ಲೆಕ್ಕ ಪರಿಶೋಧನೆಯ ಹೊಣೆಯನ್ನು ಗ್ರಾಮಸಭೆಗೆ ಕೊಟ್ಟಿತು. ಯಾರಿಗೆ ಎಷ್ಟು ದಿನದ ಕೂಲಿ ಅಂತ ಸಭೆಯಲ್ಲಿ ಗಟ್ಟಿಯಾಗಿ ಓದಿದಾಗ, "ನಾ ಆ ಕೆಲ್ಸಕ್ಕ ಹೋಗೇ ಇಲ್ರಿ" ಅಂತ ಹಿಂದಿನಿಂದ ಒಂದು ದನಿ ಎದ್ದರೆ, ಅದು ಅಪ್ಪಟ ಹಳೇ ಆಡಿಟ್.

ಇಳಕಲ್ಲಿಗೆ ಬರೋಣ. ಓದಿಸುವುದಕ್ಕೆ ನನ್ನ ಬಳಿ ಇನ್ನೊಂದು ಕಾರಣವೂ ಇತ್ತು. ಒಂದು ಮೊತ್ತದ ಎರಡು ಅಂಕಿ ಹಿಂದುಮುಂದಾದರೆ, ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 2,700 ಹಾಗೇ ಆಗುತ್ತದೆ. ಇದು ಕಳವು ಅಲ್ಲ ಅಂತ ಅದರಿಂದ ಖಾತ್ರಿಯಾಗುವುದಿಲ್ಲ, ಆದರೆ ಮೊದಲು ಎಲ್ಲಿ ಹುಡುಕಬೇಕು ಅಂತ ತಿಳಿಯುತ್ತದೆ. ತಾವೇ ಬರೆದದ್ದನ್ನು ಕಣ್ಣಾಡಿಸುವಾಗ ಇಂಥ ತಪ್ಪು ಕಾಣುವುದಿಲ್ಲ. ಒಬ್ಬರು ಓದಿ, ಇನ್ನೊಬ್ಬರು ವೋಚರ್, ಅಂದರೆ ದುಡ್ಡು ಕೊಟ್ಟದ್ದರ ಚೀಟಿ, ಹಿಡಿದು ಕೇಳಿದರೆ ಸಿಗುತ್ತದೆ.

ನಾಲ್ಕನೇ ಪುಟದಲ್ಲಿ ಗುಮಾಸ್ತರು ಓದಿದರು: "ಬಣ್ಣದ ನೂಲಿಗೆ ಕೊಟ್ಟದ್ದು ಮೂರು ಸಾವಿರದ ಆರನೂರು." ನನ್ನ ಕೈಯಲ್ಲಿದ್ದ ವೋಚರಿನಲ್ಲಿ 6,300 ಇತ್ತು. "ಇನ್ನೊಮ್ಮೆ ಓದ್ರಿ" ಅಂದೆ. ಅವರು ಬಾಯಿ ತೆರೆದು, ಅಲ್ಲೇ ನಿಂತರು. ಮಾಲೀಕರು ಹುಡುಗನ ಕಡೆ ನೋಡಲಾರದೆ ನೋಡಿ, "ಲೇ ತಮ್ಮಾ, ನಾಕು ಚಾ ಹೇಳಿ ಬಾ... ನಿಂದೂ ಸೇರಿಸಿ" ಅಂದರು.