ಬೊಡೋನಿ, ಡಿಡೋ: ತೆಳು ಗೆರೆಯ ಮೇಲಿನ ಹಳೇ ಜಗಳ

ಫ್ಯಾಷನ್ ಪತ್ರಿಕೆಗಳ ಮುಖಪುಟದ ಅಕ್ಷರ ನೋಡಿದ್ದೀರಲ್ವಾ? ಉದ್ದ ಗೆರೆ ದಪ್ಪ, ಅಡ್ಡ ಗೆರೆ ಕೂದಲೆಳೆಯಷ್ಟು ತೆಳು. ಗೆರೆಯ ತುದಿಯ ಪುಟ್ಟ ಚಾಚು, ಅಂದರೆ ಸೆರಿಫ್ ಕೂಡ ಅಷ್ಟೇ ತೆಳು. ದೊಡ್ಡದಾಗಿದ್ದರೆ ಬಲು ಚೆಂದ. ಅದೇ ಫಾಂಟ್ ಲೇಖನದ ಒಳಗೆ ಬಂದರೆ ಕಣ್ಣು ಸೋಲುತ್ತದೆ. ತಪ್ಪು ಅಕ್ಷರದ್ದೋ, ಬಳಸುವವರದ್ದೋ ಎಂಬ ವಾದ ಇನ್ನೂ ಮುಗಿದಿಲ್ಲ.

1757ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಮುದ್ರಕ ಜಾನ್ ಬಾಸ್ಕರ್‌ವಿಲ್ ನುಣುಪು ಕಾಗದದ ಮೇಲೆ ಚೂಪು ಅಕ್ಷರ ಅಚ್ಚು ಹಾಕಿದಾಗಲೇ ‘ಕಣ್ಣಿಗೆ ಕೇಡು’ ಎಂಬ ಮಾತು ಹುಟ್ಟಿತ್ತು. 1784ರ ಸುಮಾರಿಗೆ ಪ್ಯಾರಿಸ್‌ನ ಅಕ್ಷರ ಕೊರೆಯುವ ಫಿರ್ಮಾ ಡಿಡೋ, ಆಮೇಲೆ ಇಟಲಿಯ ಪಾರ್ಮಾದ ಮುದ್ರಕ ಬೊಡೋನಿ ಈ ಶೈಲಿಯನ್ನು ಕೊನೆಯ ತನಕ ಒಯ್ದರು. ಮುಂದಿನ ಶತಮಾನವಿಡೀ ಅದರದೇ ಆಳ್ವಿಕೆ. ಅದರ ಕೊನೆಗೆ ಬೇಸರ ಬಂತು. 1894ರಲ್ಲಿ ಅಮೆರಿಕದ ಸೆಂಚುರಿ ಪತ್ರಿಕೆ ತೆಳು ಗೆರೆಗಳನ್ನು ದಪ್ಪ ಮಾಡಿದ ಹೊಸ ಅಕ್ಷರವನ್ನೇ ಮಾಡಿಸಿಕೊಂಡಿತು.

ಆದರೆ ಇವತ್ತಿನ ತೊಂದರೆ ಶುರುವಾದದ್ದು ಅಲ್ಲಿಂದಲ್ಲ.

ಸೀಸದ ಮೊಳೆಗಳ ಕಾಲದಲ್ಲಿ ಪ್ರತಿ ಅಳತೆಗೂ ಬೇರೆ ಅಚ್ಚು ಕೊರೆಯಬೇಕಿತ್ತು. ಚಿಕ್ಕ ಅಳತೆ ಕೊರೆಯುವಾಗ ಕೆಲಸಗಾರ ತೆಳು ಗೆರೆಯನ್ನು ಕೊಂಚ ದಪ್ಪ ಬಿಡುತ್ತಿದ್ದ, ಅಕ್ಷರವನ್ನು ಸ್ವಲ್ಪ ಅಗಲಿಸುತ್ತಿದ್ದ. ಬೊಡೋನಿಯೂ ಹೀಗೇ ಅಳತೆಗೊಂದರಂತೆ ಕೊರೆದವನು. ಅವನು ತೀರಿಕೊಂಡ ಮೇಲೆ, 1818ರಲ್ಲಿ, ಹೆಂಡತಿ ಎರಡು ಸಂಪುಟಗಳಲ್ಲಿ ಹೊರತಂದ ಮಾದರಿ ಪುಸ್ತಕದಲ್ಲಿ ಇದು ಎದ್ದು ಕಾಣುತ್ತದೆ.

ನಂತರ ಫೋಟೋಟೈಪ್, ಅಂದರೆ ಅಕ್ಷರವನ್ನು ಫೋಟೋದಂತೆ ಮೂಡಿಸುವ ವಿಧಾನ ಬಂತು. ಒಂದೇ ನೆಗೆಟಿವ್, ಬೇಕಾದ ಹಾಗೆ ಹಿಗ್ಗಿಸು, ಕುಗ್ಗಿಸು. ಕಂಪ್ಯೂಟರ್ ಫಾಂಟ್‌ಗಳೂ ಅದೇ ದಾರಿ ಹಿಡಿದವು. ದೊಡ್ಡ ಶೀರ್ಷಿಕೆಗೆ ಬರೆದ ರೂಪವನ್ನು ಕುಗ್ಗಿಸಿದಾಗ ಕೂದಲೆಳೆಯೂ ಕುಗ್ಗಿತು. ಮುದ್ರಣದಲ್ಲಿ ಮುರಿಯಿತು, ಪರದೆಯಲ್ಲಿ ಮಾಯವಾಯಿತು. ಖರ್ಚು ಉಳಿಯಿತು, ಅವಸರದ ಕೆಲಸ ಸಲೀಸಾಯಿತು. ಆಗ ಯಾರಿಗೂ ಇದು ದೊಡ್ಡ ನಷ್ಟ ಅನಿಸಲಿಲ್ಲ. ಬೈಗುಳ ಮಾತ್ರ ಬೊಡೋನಿಯ ಪಾಲಿಗೆ!

1992ರಲ್ಲಿ ಹಾರ್ಪರ್ಸ್ ಬಜಾರ್ ಎಂಬ ಫ್ಯಾಷನ್ ಪತ್ರಿಕೆ ಹೊಸ ರೂಪ ತಾಳಿತು. ಅದಕ್ಕಾಗಿ ಅಕ್ಷರ ವಿನ್ಯಾಸಕ ಜೋನಾಥನ್ ಹೋಫ್ಲರ್ ಬರೆದ, ಡಿಡೋ ಹೆಸರಿನ ಫಾಂಟ್ ಹಳೇ ಪಾಠವನ್ನು ಮತ್ತೆ ತಂದಿತು. 6 ಪಾಯಿಂಟ್‌ನಿಂದ (ಪಾಯಿಂಟ್ ಅಂದರೆ ಅಕ್ಷರದ ಅಳತೆಯ ಮಾನ) 96ರವರೆಗೆ ಏಳು ಬೇರೆ ಬೇರೆ ರೂಪಗಳು. ಯಾವ ಅಳತೆಯಲ್ಲಿ ಹಾಕಿದರೂ ಕೂದಲೆಳೆ ಹೆಚ್ಚುಕಡಿಮೆ ಅಷ್ಟೇ ತೆಳು. ಎರಡು ವರ್ಷದ ನಂತರ ಐಟಿಸಿ ಎಂಬ ಫಾಂಟ್ ಕಂಪನಿಯಿಂದ ಬಂದ ಐಟಿಸಿ ಬೊಡೋನಿ 6, 12, 72 ಎಂದು ಮೂರು ರೂಪ ಕೊಟ್ಟಿತು. ಇವನ್ನು ಕೊಂಡು, ಎಲ್ಲಿ ಯಾವುದು ಎಂದು ತಿಳಿದು ಹಾಕುವಷ್ಟು ತಾಳ್ಮೆ ಇದ್ದವರು ಮಾತ್ರ ಕಡಿಮೆ.

2016ರಲ್ಲಿ ವೇರಿಯಬಲ್ ಫಾಂಟ್ ಬಂದ ಮೇಲೆ ಆ ನೆಪಕ್ಕೂ ಜಾಗವಿಲ್ಲ. ಎಲ್ಲ ಅಳತೆಯ ರೂಪಗಳೂ ಒಂದೇ ಫೈಲಿನಲ್ಲಿ ಇರಬಹುದು. ಬ್ರೌಸರ್ ತಾನೇ ಸರಿಯಾದದ್ದನ್ನು ಆರಿಸುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿರುವ ಬೊಡೋನಿ ಮೋಡಾ ಇಂಥದ್ದೇ, ಅದೂ ಪುಕ್ಕಟೆ. ಒಂದೇ ಷರತ್ತು: ಫಾಂಟ್ ತರಿಸುವ ಲಿಂಕ್‌ನಲ್ಲಿ ಅಳತೆಯ ಶ್ರೇಣಿ ಬೇಕು ಎಂದು ಕೇಳಬೇಕು. ಕೇಳದಿದ್ದರೆ ಎಲ್ಲ ಕಡೆಗೂ ಒಂದೇ ರೂಪ ಬರುತ್ತದೆ.