ಮೊದಲು ತೆರೆಯುವುದು ಅಗಸಿ, ಬೀಳುವುದು ಆಮೇಲೆ ಗೋಡೆ

ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ ಹೊಸ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದು ಇ. ಕೋಲೈ ಬ್ಯಾಕ್ಟೀರಿಯಾ ಬೆಳೆದ ಒಂದು ಕೊಳವೆಯನ್ನು. ಅದರ ದ್ರವ ಅಕ್ಕಿ ತೊಳೆದ ನೀರಿನಂತೆ ಮಸಕಾಗಿರುತ್ತದೆ; ಹಿಂದೆ ದಿನಪತ್ರಿಕೆ ಹಿಡಿದರೆ ಅಕ್ಷರ ಕಾಣುವುದಿಲ್ಲ. ಆ ಜೀವಕೋಶಗಳಲ್ಲಿ ಲ್ಯಾಂಬ್ಡಾ ಎಂಬ ವೈರಾಣು ಮೊದಲೇ ಅಡಗಿರುತ್ತದೆ. ನಾವು ಬಳಸುವ ತಳಿಯಲ್ಲಿ 42 ಡಿಗ್ರಿ ಶಾಖ ಕೊಟ್ಟರೆ ಅದು ಎಚ್ಚರಗೊಂಡು ತನ್ನ ಮರಿಗಳನ್ನು ಕಟ್ಟತೊಡಗುತ್ತದೆ. ಮುಕ್ಕಾಲು ಗಂಟೆ ಏನೂ ಆಗುವುದಿಲ್ಲ. ಬಳಿಕ ಕೆಲವೇ ನಿಮಿಷಗಳಲ್ಲಿ ದ್ರವ ತಿಳಿಯಾಗಿ, ಹಿಂದಿನ ಅಕ್ಷರಗಳನ್ನು ಓದಬಹುದು. ಒಡೆದ ಕೋಶಗಳ ಡಿಎನ್‌ಎಯಿಂದಾಗಿ ಅದು ಬೆಂಡೆಕಾಯಿಯ ಲೋಳೆಯಂತೆ ಎಳೆಯೆಳೆಯಾಗಿರುತ್ತದೆ.

ಕೋಶಭಿತ್ತಿಯನ್ನು ಕತ್ತರಿಸುವ, ವೈರಾಣುವಿನ ಎಂಡೋಲೈಸಿನ್ ಕಿಣ್ವ ಕೊನೆಯ ಗಳಿಗೆಯಲ್ಲಿ ತಯಾರಾಗುತ್ತದೆ ಎಂದು ಬಹುತೇಕರು ಊಹಿಸುತ್ತಾರೆ. ಹಾಗಲ್ಲ. ಒಮ್ಮೆ ಒಬ್ಬ ವಿದ್ಯಾರ್ಥಿ ಅವಸರಪಟ್ಟು ಅರ್ಧ ಗಂಟೆಗೇ ಕ್ಲೋರೋಫಾರ್ಮ್ ಹನಿಸಿಬಿಟ್ಟ. ದ್ರವ ಆಗಲೇ ತಿಳಿಯಾಯಿತು. ಪ್ರಯೋಗ ಕೆಟ್ಟಿತು, ಆದರೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿರಲಿಲ್ಲ. ಕಿಣ್ವ ಒಳಗೆ ಸಿದ್ಧವಾಗಿಯೇ ಇತ್ತು. ಅದನ್ನು ಭಿತ್ತಿಯಿಂದ ದೂರವಿಟ್ಟಿದ್ದ ಒಳಪೊರೆಯನ್ನು ಕ್ಲೋರೋಫಾರ್ಮ್ ಹಾಳುಮಾಡಿತ್ತು, ಅಷ್ಟೆ.

ಒಳಪೊರೆಯೆಂಬ ಆ ಅಗಸಿಯನ್ನು ಸಹಜವಾಗಿ ತೆರೆಯುವುದು ವೈರಾಣುವಿನದೇ ಆದ ಹೋಲಿನ್ ಎಂಬ ಸಣ್ಣ ಪ್ರೋಟೀನು. ಅದು ಒಳಪೊರೆಯಲ್ಲಿ ಸದ್ದಿಲ್ಲದೆ ಜಮೆಯಾಗುತ್ತ, ನಿಗದಿತ ಹೊತ್ತು ಬರುವವರೆಗೆ ಪೊರೆ ಸ್ವಲ್ಪವೂ ಸೋರದಂತೆ ಉಳಿದು, ಆಮೇಲೆ ಒಮ್ಮೆಲೇ ಗುಂಪುಗೂಡಿ ಕಿಣ್ವಕ್ಕೆ ಧಾರಾಳವಾಗಿ ಸಾಲುವಷ್ಟು ದೊಡ್ಡ ರಂಧ್ರಗಳನ್ನು ತೆರೆಯುತ್ತದೆ. ಅದೇ ಜೀನಿನಿಂದ ಹುಟ್ಟುವ, ಹೋಲಿನ್‌ಗಿಂತ ಕೇವಲ ಎರಡು ಅಮೈನೋ ಆಮ್ಲದಷ್ಟು ಹೆಚ್ಚು ಉದ್ದವಾದ ಇನ್ನೊಂದು ಪ್ರೋಟೀನು ಈ ಕೆಲಸವನ್ನು ತಡೆಯುತ್ತದೆ. ಹೋಲಿನ್‌ನಲ್ಲಿ ಒಂದೇ ಅಮೈನೋ ಆಮ್ಲ ಬದಲಾದರೂ ಕೋಶ ಒಡೆಯುವ ಹೊತ್ತು ಹಿಂದುಮುಂದಾಗಬಹುದು. ಬೇಗ ಒಡೆದರೆ ಮರಿಗಳು ಕಡಿಮೆ. ತಡಮಾಡಿದರೆ ಮರಿಗಳು ಹೆಚ್ಚು, ಆದರೆ ಹೊಸ ಕೋಶಗಳನ್ನು ಹಿಡಿಯುವ ಸಮಯ ಕಳೆದುಹೋಗುತ್ತದೆ.

ಭಿತ್ತಿ ಕರಗಿದ ಮೇಲೂ ಹೊರಪೊರೆ ಉಳಿಯುತ್ತದೆ. ಅದನ್ನು ವೈರಾಣುವಿನ ಸ್ಪ್ಯಾನಿನ್ ಎಂಬ ಪ್ರೋಟೀನುಗಳು ಒಳಪೊರೆಯೊಂದಿಗೆ ಬೆಸೆದು ಒಡೆಯುತ್ತವೆ. ಅವಿಲ್ಲದಿದ್ದರೆ ಕೋಶ ದುಂಡಗಾಗಿ ಹಾಗೆಯೇ ನಿಂತುಬಿಡುತ್ತದೆ.

ಫೈಎಕ್ಸ್174ರಂತಹ ಪುಟ್ಟ ವೈರಾಣುವಿಗೆ ಇಷ್ಟೆಲ್ಲ ಸಲಕರಣೆಗೆ ಜಾಗವಿಲ್ಲ. ಅದರ ಒಂದೇ ಪ್ರೋಟೀನು ಭಿತ್ತಿಯ ಕಚ್ಚಾವಸ್ತು ತಯಾರಿಸುವ ಕಿಣ್ವವನ್ನು ತಡೆಯುತ್ತದೆ. ಪೆನಿಸಿಲಿನ್‌ನಿಂದ ಆಗುವಂತೆಯೇ, ಬೆಳೆಯುತ್ತಿರುವ ಕೋಶ ಇಬ್ಭಾಗವಾಗಲು ಹೊರಟಾಗ ಬಿರಿಯುತ್ತದೆ. ಹೊತ್ತನ್ನು ತಾನೇ ಆರಿಸುವ ಸ್ವಾತಂತ್ರ್ಯ ಅದಕ್ಕಿಲ್ಲ: ಆಶ್ರಯ ಕೊಟ್ಟ ಕೋಶ ಬೆಳೆಯುವುದನ್ನು ನಿಲ್ಲಿಸಿದರೆ, ಮರಿಗಳು ಸಿದ್ಧವಾಗಿದ್ದರೂ ಒಳಗೇ ಕಾಯಬೇಕು.